ಬೆವರು ನಿಂತ ಮಧ್ಯಾಹ್ನ

ಬುಧವಾರ, ಮೇ 14
ಆಸ್ಪತ್ರೆಯ ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಬೆಂಚು

ನನ್ನ ಬೆನ್ನಿಗೆ ಹುಟ್ಟಿದ ತಮ್ಮನೇ,

ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಫ್ಯಾನಿನ ಕೆಳಗೆ ಕೂರುವವರು ಚೆನ್ನಾಗಿಯೇ ಇರುತ್ತಾರೆ! ನಾಲ್ಕು ದಿನದಿಂದ ಬರೆಯಲು ಕೂತು ಮೂರು ಹಾಳೆ ಹರಿದೆ. ತಡವಾದದ್ದಕ್ಕೆ ಕ್ಷಮಿಸು. ಕ್ಷಮೆ ಅದೊಂದಕ್ಕೇ; ಮುಂದೆ ಬರುವ ಒಂದಕ್ಷರಕ್ಕೂ ಕೇಳುವುದಿಲ್ಲ. ಫೋನ್ ಮಾಡಿದರೆ 'ಅಕ್ಕಾ, ಮೊದ್ಲು ಆ ಗಂಟಲು ತಗ್ಗಿಸು' ಎಂದು ಕಟ್ ಮಾಡುತ್ತೀಯ. ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡೇಬಿಡೋಣ!

ಚಿಕ್ಕಮ್ಮ ಬದುಕಿದ್ದಾಳೆ. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಇಪ್ಪತ್ತು ವರ್ಷ ನಮ್ಮ ಕಾರ್ಖಾನೆಯ ಇಸ್ತ್ರಿ ಕೋಣೆಯಲ್ಲಿ ಕಾಲರುಗಳನ್ನು ಕತ್ತಿಯಂತೆ ನಿಲ್ಲಿಸಿದವಳು, ಯಾರಿಗೂ ಸಂಬಂಧಿಯಲ್ಲದೆ ಎಲ್ಲರಿಗೂ ಚಿಕ್ಕಮ್ಮನಾದವಳು, ನಿನ್ನೆ ಕಣ್ಣು ಬಿಟ್ಟಳು. ಮೂತ್ರಪಿಂಡಗಳು ಮಾತ್ರ ಇನ್ನೂ ಕೆಲಸ ಶುರುಮಾಡಿಲ್ಲ. ಯಂತ್ರ ಹಚ್ಚಿ ರಕ್ತ ತೊಳೆಯುತ್ತಿದ್ದಾರೆ.

ಇಲ್ಲಿನ ಡಾಕ್ಟರಮ್ಮ ಚಿಕ್ಕ ಹುಡುಗಿ, ಮಾತು ಮಾತ್ರ ನೆಟ್ಟಗೆ. 'ಏನು ಕೆಲಸ?' ಎಂದಳು. 'ಇಸ್ತ್ರಿ' ಎಂದೆ.

'ಹಾಗಾದ್ರೆ ನಿಮಗೆ ಬೇಗ ಅರ್ಥವಾಗುತ್ತೆ. ಪೆಟ್ಟಿಗೆ ಜಾಸ್ತಿ ಕಾದ್ರೆ ಕರೆಂಟು ತಾನೇ ನಿಲ್ಲುತ್ತಲ್ವಾ? ತಣ್ಣಗಾದ್ರೆ ತಾನೇ ಹತ್ತಿಕೊಳ್ಳುತ್ತೆ. ಮೈಯೊಳಗೂ ಹಾಗೇ ಅಮ್ಮಾ. ಬಿಸಿ ಏರಿದ್ರೆ ಮೆದುಳಿಗೆ ಸುದ್ದಿ ಹೋಗುತ್ತೆ, ಅದು ಬೆವರು ಬಿಡಿಸುತ್ತೆ. ತಣಿದ್ರೆ ಆ ಸುದ್ದೀನೂ ಮುಟ್ಟುತ್ತೆ, ಬೆವರು ನಿಲ್ಲುತ್ತೆ. ರಕ್ತದಲ್ಲಿ ನೀರಿಳಿದ್ರೆ, ಬಿಗಿ ಹಿಡಿ ಅಂತ ಮೂತ್ರಪಿಂಡಕ್ಕೆ ಅಪ್ಪಣೆ. ನೀರು ಕೇಳು ಅಂತ ಬಾಯಿಗೆ. ಕುಡಿದ್ರೆ ಎಲ್ಲಾ ಸಮ.'

'ಕುಡೀದಿದ್ರೆ?'

'ಕೊನೇ ತನಕ ಹೆಣಗುತ್ತೆ. ಆಮೇಲೆ ಸೋತು ಬೆವರೋದನ್ನೇ ಬಿಡುತ್ತೆ, ಬಿಸಿ ಮಾತ್ರ ಏರ್ತಾನೇ ಇರುತ್ತೆ. ಇವರನ್ನ ತಂದಾಗ ಮೈ ಒಣಗಿದ ಕಾದ ಹಂಚು. ಬೆವರು ನಿಂತಿದ್ದು ಯಾರೂ ನೋಡ್ಲಿಲ್ವಾ?'

ನೋಡಲಿಲ್ಲವೇ! ಮೂವತ್ತೊಂದು ಹೆಂಗಸರು ನೋಡಿದೆವು! ಸೂಪರ್‌ವೈಸರ್ ಸಾಹೇಬರು ನೋಡಿದರು!

ಕೇಳು, ನೀನೇ ಆಡಿದ ನಾಟಕವನ್ನು ನಿನಗೇ ಹೇಳುತ್ತೇನೆ. ಆ ಸೂಪರ್‌ವೈಸರ್ ಕುರ್ಚಿಯಲ್ಲಿ ಕೂತ ವಾರವೇ ಪಾಯಿಖಾನೆಯ ಬಾಗಿಲಿಗೆ ಮೊಳೆ ಹೊಡೆದು ಎರಡು ಹಲಗೆ ತುಂಡು ನೇತುಹಾಕಿದೆ. ತುಂಡು ಕೈಯಲ್ಲಿದ್ದವಳು ಮಾತ್ರ ಒಳಗೆ ಹೋಗಬೇಕು. ಮೂವತ್ತೆರಡು ಜನಕ್ಕೆ ಎರಡು! ಸರದಿ ಕಾಯಲಾರದೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಸಂಜೆಯಾದರೂ ನೀರಿನ ಡ್ರಮ್ಮು ತುಂಬಿಯೇ ಇರುತ್ತಿತ್ತು. 'ನೋಡಕ್ಕಾ, ನೀರೂ ಉಳೀತು, ಹೊತ್ತೂ ಉಳೀತು' ಎಂದು ಹಲ್ಲು ಕಿಸಿದೆ. ಬಿಳಿ ಅಂಗಿಯ ಮೇಲೆ ಒಂದು ಹನಿ ಬೆವರು ಬಿದ್ದರೆ ಅದು ಮತ್ತೆ ಒಗೆಯಲು ಹೋಗುತ್ತದೆಂದು ನಿನಗೆ ಮೈಯೆಲ್ಲ ಉರಿ. ಅದಕ್ಕೇ ಶನಿವಾರ ಮಧ್ಯಾಹ್ನ ಚಿಕ್ಕಮ್ಮನ ಒಣಗಿದ ಹಣೆ ಕಂಡು ಕೋಣೆಯ ನಟ್ಟನಡುವೆ ನಿಂತು ಕೂಗಿದೆಯಲ್ಲ: 'ಎಲ್ರೂ ಇಲ್ಲಿ ನೋಡ್ರೀ! ಒಂದು ಹನಿ ಇಲ್ಲ! ಕೆಲಸ ಅಂದ್ರೆ ಇದು!'

ಚಿಕ್ಕಮ್ಮ ನಕ್ಕಳು. ತುಟಿ ಒಡೆದಿತ್ತು. ಆಮೇಲೆ ಅಂಗಿಯ ಒಂದೇ ತೋಳನ್ನು ಮೂರು ಸಲ ಒತ್ತಿದಳು. 'ಊಟ ಆಯ್ತಾ ಚಿಕ್ಕಮ್ಮ?' ಎಂದರೆ 'ಹದಿನಾರೂವರೆ' ಎಂದು ಕಾಲರಿನ ಅಳತೆ ಹೇಳಿದಳು. ತಮಾಷೆ ಮಾಡುತ್ತಿದ್ದಾಳೆಂದು ನಾವು ಬಿದ್ದು ಬಿದ್ದು ನಕ್ಕೆವು. ಅರ್ಧ ಗಂಟೆಗೆ ಅವಳೇ ಬಿದ್ದಳು.

ನಾಳೆ ಯಜಮಾನರಿಗೆ ವರದಿ ಕೊಡುತ್ತೀಯಂತೆ. 'ಮೊದಲೇ ಕಾಯಿಲೆ ಇತ್ತು' ಎಂದು ಬರೆದಿದ್ದೀಯಂತೆ. ಹರಿದು ಹಾಕು! ಯಾವ ಕಾಯಿಲೆಯೋ, ಮುಠ್ಠಾಳ? ಅವಳ ಮೈ ತನ್ನ ಪಾಲಿನ ಕೆಲಸವನ್ನು ಒಂದೂ ತಪ್ಪದೆ ಮಾಡಿತು. ನೀರು ಕೇಳಿತು, ಇದ್ದದ್ದನ್ನು ಹಿಡಿದಿಟ್ಟಿತು, ಮತ್ತೆ ಕೇಳಿತು. ಹೊರಗಿನಿಂದ ಯಾರೂ ಓಗೊಡಲಿಲ್ಲ. ಆ ಸುಳ್ಳು ಹೋದರೆ ಅವಳ ಚಿಕಿತ್ಸೆಗೆ ಕಾರ್ಖಾನೆ ಕೈಯೆತ್ತುತ್ತದೆ, ಆ ಮೊಳೆ ಅಲ್ಲೇ ಇರುತ್ತದೆ, ನಾಳೆ ಇನ್ನೊಬ್ಬಳು ಒಣಗುತ್ತಾಳೆ. 'ತುಂಡು ನೇತುಹಾಕಿದ್ದು ನಾನು, ಬೆವರು ನಿಂತದ್ದನ್ನು ಹೊಗಳಿದ್ದು ನಾನು' ಎಂದು ಬರೆ. ಕೆಲಸ ಹೋದರೆ ಹೋಗಲಿ, ನನ್ನ ಮನೆಯಲ್ಲಿ ನಿನಗೊಂದು ತಟ್ಟೆ ಇದ್ದೇ ಇದೆ. ಬರೆಯದಿದ್ದರೆ ಮೂವತ್ತೊಂದು ಸಹಿ ಹಾಕಿಸಿ ಯಜಮಾನರ ಬಾಗಿಲಲ್ಲಿ ನಾನೇ ನಿಂತು ಓದುತ್ತೇನೆ. ಮೈಕು ಬೇಕಾಗುವುದಿಲ್ಲ!

ಇಷ್ಟು ಬೈದ ಬಾಯಲ್ಲೇ ಹರಸುತ್ತೇನೆ: ನೂರು ಕಾಲ ಬಾಳು. ನಿನ್ನ ಹೊಟ್ಟೆ ತಣ್ಣಗಿರಲಿ. ನೀನು ಬಾಯಿಬಿಟ್ಟು ಕೇಳಿದಾಗ ಕೇಳಿಸಿಕೊಳ್ಳುವವರು ಹತ್ತಿರದಲ್ಲಿರಲಿ.

ನಿನ್ನ
ಅಕ್ಕ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ನೀನು ಹಾಗೆ ಕೂಗಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನು. ನನ್ನ ತಮ್ಮ ಎಷ್ಟು ಚೆನ್ನಾಗಿ ಮಾತಾಡುತ್ತಾನೆಂಬ ಹೆಮ್ಮೆ ನನಗೆ. ಆ ಹೊತ್ತಿಗೆ ಚಿಕ್ಕಮ್ಮ ಲೋಟ ಹಿಡಿದು ಡ್ರಮ್ಮಿನ ಕಡೆ ಹೊರಟಿದ್ದಳು. ಚಪ್ಪಾಳೆ ಕೇಳಿ ತಿರುಗಿದಳು, ನನ್ನ ಮುಖ ನೋಡಿದಳು, ಲೋಟ ಕೆಳಗಿಟ್ಟು ಮೇಜಿಗೆ ಮರಳಿದಳು.