ಉಸಿರು ಬಿಗಿಹಿಡಿದವರ ಅಂಗಿಗಳು

ಜೂನ್ ೧೨, ಭಾನುವಾರ

ಪ್ರೀತಿಯ ಮಗಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಉತ್ತರ ತಡವಾದುದಕ್ಕೆ ಬೇಸರಿಸಬೇಡ. ಅದಕ್ಕೆ ಕಾರಣ ನೀನು ಅಪ್ಪನಿಗೆ ಕಳುಹಿಸಿದ ಲಾವಂಚದ ಸುಗಂಧದ್ರವ್ಯವೇ. ‘ಸೆಂಟು’ ಎಂದು ನೀನು ಬರೆದುದನ್ನು ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದೇನೆ. ಸೀಸೆಯ ಮೇಲೆ ‘ಪುರುಷರಿಗಾಗಿ’ ಎಂದು ಅಚ್ಚಾಗಿದೆ. ಹುಲ್ಲಿನ ಬೇರಿಗೆ ಗಂಡು ಹೆಣ್ಣೆಂಬ ಭೇದವನ್ನು ಯಾವ ಶಾಲೆಯಲ್ಲಿ ಕಲಿಸಿದರೋ ತಿಳಿಯದು.

ನೀನು ಅದರ ಗುಣದೋಷಗಳೆರಡನ್ನೂ ಕೇಳಿದ್ದೀಯೆ. ಮಹಡಿ ಮನೆಯಾಕೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, “ಟೀಚರಮ್ಮಾ, ನಿಮ್ಮ ಯಜಮಾನ್ರು ಪಕ್ಕದಲ್ಲಿ ಹಾದುಹೋದ್ರೆ ಹೊಸ ಮಡಕೆ ನೀರು ಕುಡಿದಷ್ಟು ತಂಪಾಗತ್ತೆ” ಎಂದಳು. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೂ ಇರುತ್ತದಂತೆ. ಅಪ್ಪನ ಹೊಲಿಗೆ ಅಂಗಡಿಯ ಬಟ್ಟೆಗಳಿಗೆ ಹುಳು ಬೀಳುವುದೂ ನಿಂತಿದೆಯಂತೆ.

ದೋಷವೆಂದರೆ, ಮಿತಿ ಮೀರಿದರೆ ಅದನ್ನು ಯಾರಿಂದಲೂ ಸಹಿಸಲಾಗದು. ಮೊದಲ ದಿನ ಅಪ್ಪ ಎರಡೇ ಹನಿ ಹಚ್ಚಿಕೊಂಡು ನನ್ನ ಮುಂದೆ ನಿಂತು, “ಏನಾದ್ರೂ ವಿಶೇಷ ಗೊತ್ತಾಗ್ತಿದ್ಯೇನೇ?” ಎಂದರು. ಕಾಲರು ಮಡಚಿಕೊಂಡಿದೆ ಎಂದೆ. ಮರುದಿನ ಕುತ್ತಿಗೆಗೆಲ್ಲ ಬಳಿದುಕೊಂಡರು. ಆಮೇಲೆ ಅಂಗಿಗೂ ಆಯಿತು, ಕೊನೆಗೆ ಅಳತೆಯ ಟೇಪಿಗೂ ಆಯಿತು. ದಿನವೂ ಅದೇ ಪ್ರಶ್ನೆ. ನನ್ನದೂ ಅದೇ ಬಗೆಯ ಉತ್ತರ.

ದರ್ಜಿಯಾದವನು ಗಿರಾಕಿಗೆ ಮುಖ ತಾಗುವಷ್ಟು ಹತ್ತಿರ ನಿಲ್ಲಲೇಬೇಕಲ್ಲವೆ? ಬಂದವರೆಲ್ಲ ಬಾಗಿಲಲ್ಲೇ ಎದೆತುಂಬ ಉಸಿರೆಳೆದುಕೊಂಡು, ಅಳತೆ ಮುಗಿಯುವವರೆಗೆ ಬಿಗಿಹಿಡಿಯತೊಡಗಿದರು. ಇವರು ಉಬ್ಬಿದ ಎದೆಗಳನ್ನೇ ಅಳೆದು ಹೊಲಿದರು. ಬ್ಯಾಂಕಿನ ಗುಮಾಸ್ತ ಹೊಸ ಅಂಗಿ ತೊಟ್ಟು ನೇರ ಮನೆಗೇ ಬಂದ.

“ಅಣ್ಣಾ, ಇದರೊಳಗೆ ನನ್ನ ಜೊತೆ ನಮ್ಮ ಮ್ಯಾನೇಜರೂ ಹಿಡೀತಾರೆ.”

“ಅಳತೆ ನೀವೇ ಕೊಟ್ಟಿದ್ದಲ್ವಾ?”

“ಕೊಟ್ಟಿದ್ದೆ. ಕೊಡುವಾಗ ಉಸಿರಾಡ್ತಿರಲಿಲ್ಲ.”

ನಾನು ಒಳಗೆ ಹೋಗಿ, ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಕ್ಕೆ.

ಅಂಗಿಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದದ್ದಾಯಿತು. ಮೊನ್ನೆ ಅಪ್ಪ ಸೀಸೆಯನ್ನು ಬೀರುವಿನೊಳಗೆ ಹಿಂದಕ್ಕೆ ತಳ್ಳುತ್ತ, “ಗಿರಾಕಿಗಳು ಹಾಳಾಗ್ಲಿ, ಮನೆಯವಳಿಗೇ ಹಿಡಿಸ್ಲಿಲ್ಲ” ಎಂದು ಬಟ್ಟೆಗಳಿಗೆ ಹೇಳಿಕೊಂಡರು. ಅಂದಿನಿಂದ ತಲೆಯನ್ನೂ ನೆಟ್ಟಗೆ ಬಾಚಿಕೊಳ್ಳುತ್ತಿಲ್ಲ.

ನಿನ್ನ ಕೆಲಸ ಕೈಗೂಡಲಿ, ನಿದ್ದೆ ಸೊಂಪಾಗಿರಲಿ, ಅಕ್ಷರ ಇನ್ನಾದರೂ ದುಂಡಗಾಗಲಿ.

ಇಂತು,
ನಿನ್ನ ಅಮ್ಮ

ಮರೆತ ಮಾತು: ಚಳಿಗಾಲದ ಆ ಜ್ವರ ಬಿಟ್ಟ ಮೇಲೆ ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಮೇಲೆ ಬರೆದ ಗುಣದೋಷಗಳೆಲ್ಲ ಅವರಿವರಿಂದ ನಕಲು ಮಾಡಿದವು. ಅಪ್ಪನಿಗೆ ಹೇಳಿಲ್ಲ, ಹೇಳಿದರೆ ಅಂಗಡಿ ಮುಚ್ಚಿ ನನ್ನನ್ನು ಆಸ್ಪತ್ರೆಗಳಿಗೆಲ್ಲ ಸುತ್ತಿಸುತ್ತಾರೆ. ನಿನ್ನೆ ಅವರಿಲ್ಲದಾಗ ಅವರ ಅಂಗಿಯಲ್ಲಿ ಮುಖವಿಟ್ಟು ನೋಡಿದೆ. ನೂಲಿನ ಒರಟಷ್ಟೇ ಸಿಕ್ಕಿತು. ಆ ಲಾವಂಚ ನಿಜವಾಗಿ ಹೇಗಿರುತ್ತದೆಂದು ಎರಡು ವಾಕ್ಯ ಬರೆದು ಬೇಗ ಕಳುಹಿಸು. ಅವರ ಮುಂದೆ ನಿಂತು ನಾನೇ ಹೇಳಬೇಕು. ವಿಶೇಷಣಗಳು ಮಿತವಾಗಿರಲಿ, ಅವರು ನಂಬಬೇಕು.