ಮುಳುಗಿದಾಗ ಮಾತ್ರ ನನ್ನದಾದ ದೋಣಿ

ಓಮ್ರೊ, ವಿಸ್ಕಾನ್ಸಿನ್
೨೨ ಸೆಪ್ಟೆಂಬರ್ ೧೯೯೮, ಮಂಗಳವಾರ

ಅಪ್ಪನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ಅಮ್ಮನಿಂದ ತಿಳಿದುಕೊಂಡಿದ್ದೇನೆ, ಕೆಮ್ಮು ಇಳಿದಿದೆಯಂತೆ. ಹತ್ತು ದಿನದಿಂದ ನೀನು ಫೋನ್ ಮಾಡುತ್ತಿದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ ನಾನು ಕೂಗಾಡುತ್ತೇನೆ, ನೀನು "ಆಯ್ತು ಬಿಡೇ ಲವೊನ್" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕೂತು ಪೂರ್ತಿ ಓದು.

ಜೂನ್‌ನಲ್ಲಿ ಶಾಲೆಗೆ ರಜೆ ಬಂದು ನಾನು ಓಡಿಸುವ ಬಸ್ಸು ನಿಂತ ಮರುದಿನವೇ ನೀನು ಕರೆದೆ. "ಬಾತುಬೇಟೆಗೆ ಒಂದು ದೋಣಿ ಕಟ್ಟೋಣ. ನನ್ನ ಬೆರಳು ಮಾತು ಕೇಳ್ತಿಲ್ಲ, ನಿನ್ನ ಕೈ ಬೇಕು ಕಣೇ" ಅಂದೆ. ನನಗೆ ನಲವತ್ತಮೂರು ವರ್ಷ. ನನ್ನ ಕೈ ನಿನಗೆ ಬೇಕಾಗಿದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಬೇಟೆಗೆ ಹೋಗುತ್ತಿದ್ದುದು ನೀನೂ ತಮ್ಮ ಡ್ಯೂಯೇನೂ. ನನ್ನ ಪಾಲಿಗೆ ಬರುತ್ತಿದ್ದುದು ಪುಕ್ಕ ಕೀಳುವ ಕೆಲಸ. ಹಾಗಾಗಿ ನೀನು ಕರೆದದ್ದೇ ತಡ, ಓಡಿ ಬಂದೆ.

ಬೇಸಿಗೆಯೆಲ್ಲ ನಿನ್ನ ಶೆಡ್ಡಿನಲ್ಲೇ ಕಳೆಯಿತು. ಪ್ಲೈವುಡ್ ಕೊಯ್ದವಳು ನಾನು. ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದವಳು, ಸಂದುಗಳಿಗೆ ಅಂಟು ತುಂಬಿದವಳು, ಗಾಜಿನ ನಾರಿನ ಬಟ್ಟೆ ಹೊದಿಸಿ ಮೈಯೆಲ್ಲ ತುರಿಸಿಕೊಂಡವಳು ನಾನು. ನೀನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು "ಇನ್ನೊಂದ್ಸಲ ಉಜ್ಜು" ಅನ್ನುತ್ತಿದ್ದೆ. ನಾನು ಉಜ್ಜುತ್ತಿದ್ದೆ. ನಿಜ ಹೇಳಲೇ? ಅಷ್ಟು ಸುಖವಾದ ಬೇಸಿಗೆ ನನಗೆ ನೆನಪಿಲ್ಲ. ಡ್ಯೂಯೇನ್ ಮಿಲ್ವಾಕಿಯಿಂದ ಬಂದದ್ದು ಒಂದೇ ಸಲ, ಆಗಸ್ಟಿನಲ್ಲಿ. ಬಾಗಿಲಲ್ಲೇ ನಿಂತು ಬಿಯರ್ ಕುಡಿದು, "ಇದು ತೇಲುತ್ತೇನೇ ಅಕ್ಕ, ಇಲ್ಲ ಕೋಳಿಗೂಡು ಮಾಡ್ತೀಯಾ?" ಅಂದು ಹೋದ.

ಈ ತಿಂಗಳ ಹನ್ನೊಂದು, ಶುಕ್ರವಾರ, ನಿನ್ನ ಅಂಗಳದಲ್ಲಿ ದೋಣಿಯೊಳಗೆ ಪೈಪಿನಿಂದ ನೀರು ತುಂಬಿ ನೋಡಿದೆವು. ಒಂದು ಹನಿಯೂ ಹೊರಗೆ ಜಿನುಗಲಿಲ್ಲ. ಆಮೇಲೆ ನೀರು ಬಸಿಯಲೆಂದು ಹಿಂಬದಿಯ ತೂತಿನ ಬಿರಡೆಯನ್ನು ನಾನೇ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡೆ. "ಭಾನುವಾರ ಸರೋವರಕ್ಕೆ ಇಳಿಸೋಣ, ನಾವಿಬ್ಬರೇ" ಎಂದವನು ನೀನು.

ಮರುದಿನ ಶನಿವಾರ ಬೆಳಿಗ್ಗೆ ನಿನ್ನ ಪಕ್ಕದ ಮನೆಯ ಗಸ್ ಫೋನ್ ಮಾಡಿದ. "ಏನಮ್ಮಾ, ನಿನ್ನ ದೋಣಿ ಪಾಯ್ಗನ್ ಸರೋವರದ ದಡದಲ್ಲಿದೆ. ನೀನೆಲ್ಲಿ?" ಅಂದ. ಕೈಗೆ ಸಿಕ್ಕ ನಿನ್ನೆಯ ಕೋಟನ್ನೇ ಹಾಕಿಕೊಂಡು ಬಂದೆ. ಬೇಟೆ ಕ್ಲಬ್ಬಿನ ಹತ್ತು ಜನ ಸುತ್ತ ನಿಂತಿದ್ದರು. ಮುಂದಿನ ಸೀಟಿನಲ್ಲಿ ಡ್ಯೂಯೇನ್ ಕೂತಿದ್ದ. ನೀನು ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, "ನಾನೂ ನನ್ನ ಮಗನೂ ಸೇರಿ ಕಟ್ಟಿದ್ದು ಕಣ್ರಯ್ಯಾ" ಅನ್ನುತ್ತಿದ್ದೆ. ನಾನು ಐದು ಹೆಜ್ಜೆ ದೂರದಲ್ಲಿದ್ದೆ. ನೀನು ನನ್ನನ್ನು ನೋಡಿದೆ. ನೋಡಿ, ಮೋಟಾರಿನ ಕಡೆ ಬಗ್ಗಿಬಿಟ್ಟೆ.

ಈಗ ಯಾರಿಗೂ ಹೇಳದ ಮಾತು ಹೇಳುತ್ತೇನೆ. ಜೇಬಿಗೆ ಕೈ ಹಾಕಿದೆ, ಬಿರಡೆ ಸಿಕ್ಕಿತು. ಬೇರೆ ಬಿರಡೆ ಹಾಕಿರಬಹುದು ಎಂದುಕೊಂಡೆ ಅಂತ ಬರೆಯಬಹುದಿತ್ತು. ಅದು ಸುಳ್ಳು. ನಿನ್ನ ಹತ್ತಿರ ಇನ್ನೊಂದಿಲ್ಲವೆಂದು ನನಗೆ ಗೊತ್ತಿತ್ತು. ನೀನು ಮೋಟಾರಿನ ಹಗ್ಗ ಎಳೆದೆ, ನಾನು ಬಾಯಿ ಬಿಡಲಿಲ್ಲ. ಎಲ್ಲರೆದುರು ಸ್ವಲ್ಪ ನೆನೆಯಲಿ ಎಂದುಕೊಂಡೆ. ದೋಣಿ ಜೊಂಡಿನ ಅಂಚು ದಾಟಿತು. ಆಗ ನಿನ್ನ ರಬ್ಬರ್ ಉಡುಪು ತಲೆಗೆ ಹೊಳೆಯಿತು. ಅದರೊಳಗೆ ನೀರು ತುಂಬಿದರೆ ಮನುಷ್ಯ ಏಳುವುದಿಲ್ಲ. ಕಿರುಚಿದೆ. ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡು ನೀನು ಕೈ ಬೀಸಿದೆ!

ಹಿಂಬದಿ ಕುಸಿಯಿತು. ಡ್ಯೂಯೇನ್ ಹಾರಿ, ಎದೆಮಟ್ಟದ ನೀರಿನಲ್ಲಿ ಕಾಲೆಳೆಯುತ್ತ ಒಬ್ಬನೇ ದಡಕ್ಕೆ ಬಂದ. ನಿನ್ನ ಕಾಲು ಕೆಸರಿನಲ್ಲಿ ಹೂತಿತ್ತು, ಗಲ್ಲದವರೆಗೆ ನೀರು. ನಾನೂ ಗಸ್ಸೂ ನುಗ್ಗಿದೆವು. ನಿನ್ನ ಕೊರಳಪಟ್ಟಿ ನನ್ನ ಕೈಗೆ ಸಿಗುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ನೀನು ನನ್ನ ಮಣಿಕಟ್ಟು ಹಿಡಿದ ಕಲೆ ಇನ್ನೂ ಹೋಗಿಲ್ಲ.

ಆಮೇಲೆ ದಡದಲ್ಲಿ ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತಲೇ ಕ್ಲಬ್ಬಿನವರಿಗೆ ಏನಂದೆ? "ಹೆಣ್ಮಕ್ಕಳ ಕೈಗೆ ಕೆಲಸ ಕೊಟ್ರೆ ಹೀಗೇ ನೋಡಿ, ಹೊಲಿಗೆ ಬಿಡ್ತು." ಎಲ್ಲರೂ ನಕ್ಕರು. ಮೂಗಿನಿಂದ ನೀರು ಸುರಿಯುತ್ತಿದ್ದ ಡ್ಯೂಯೇನೂ ನಕ್ಕ. ತೇಲುತ್ತಿದ್ದಾಗ ಮಗನ ದೋಣಿ, ಮುಳುಗಿದ ಕೂಡಲೇ ಮಗಳದು. ಅಪ್ಪ, ನಿನ್ನನ್ನು ಎಳೆದು ತಂದ ಕೈಯಿಂದಲೇ ನಿನಗೊಂದು ಕೊಡಬೇಕೆನಿಸಿತ್ತು.

ನಾನು ಸುಮ್ಮನಿದ್ದದ್ದು ದೊಡ್ಡ ತಪ್ಪು. ನೀನು ಸತ್ತುಹೋಗುತ್ತಿದ್ದೆ. ಅದು ನೆನಪಾದರೆ ಈಗಲೂ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿಬಿಡುತ್ತೇನೆ. ಈ ಕಾಗದವನ್ನು ಬೇಕಾದರೆ ಕ್ಲಬ್ಬಿನಲ್ಲಿ ಓದಿ ಹೇಳು, ತಲೆ ತಗ್ಗಿಸಿ ನಿಲ್ಲುತ್ತೇನೆ. ಆದರೆ ಹೊಲಿಗೆ ಬಿಟ್ಟಿತು ಎಂದು ಇನ್ನೊಮ್ಮೆ ಅನ್ನಬೇಡ. ಒಂದೇ ಒಂದು ಹೊಲಿಗೆ ಬಿಟ್ಟಿಲ್ಲ.

ಗಸ್ಸೂ ನಾನೂ ಅದನ್ನು ಮೇಲೆತ್ತಿ ಒಣಗಿಸಿದೆವು. ಮೊನ್ನೆ ಭಾನುವಾರ ಬಿರಡೆ ಬಿಗಿದು, ನಿನ್ನ ತೂಕದಷ್ಟು ಮರಳಿನ ಚೀಲ ಹೇರಿಕೊಂಡು ಒಬ್ಬಳೇ ಹೊರಟೆ. ಒಂದು ಅಂಚಿನ ಮೇಲೆ ನಿಂತು ಕುಲುಕಿದೆ. ಬಯಲು ನೀರಿನಲ್ಲಿ ಅಲೆಗೆ ಅಡ್ಡ ಹಿಡಿದೆ. ಜೊಂಡಿನಲ್ಲಿ ಸೇರಿಸಿ ಮಲಗಿದರೆ, ಬಾತುಗಳ ಒಂದು ಹಿಂಡು ನನ್ನನ್ನು ಕಾಣದೆ ಟೋಪಿಗೆ ತಾಗುವಷ್ಟು ಕೆಳಗೆ ಹಾರಿತು. ಮರಳಿ ಬಂದು ತಳ ಸವರಿ ನೋಡಿದೆ, ಅಂಗೈ ಒದ್ದೆಯಾಗಲಿಲ್ಲ. ಅತ್ತೆ. ಸಿಟ್ಟಿನಿಂದಲೇ ಅತ್ತೆ.

ಗುರುವಾರ ಮಧ್ಯಾಹ್ನ ನಿನ್ನ ಕ್ಲಬ್ಬಿನವರೆಲ್ಲ ಊಟಕ್ಕೆ ಸೇರುತ್ತೀರಿ. ಅಲ್ಲಿ ಬಾಯಿಬಿಟ್ಟು ಹೇಳು, ಕಟ್ಟಿದ್ದು ಯಾರೆಂದು. ನನ್ನ ಹತ್ತಿರ ಗುಟ್ಟಾಗಿ ಕ್ಷಮೆ ಕೇಳಿದರೆ ಬೇಡ. ಅಲ್ಲಿಯವರೆಗೆ ದೋಣಿ ನನ್ನ ಗ್ಯಾರೇಜಿನಲ್ಲಿರುತ್ತದೆ.

ಇನ್ನೂ ಕುದಿಯುತ್ತಿರುವ
ಲವೊನ್

ತಾ.ಕ.: ನಿನ್ನೆ ದೋಣಿಯ ನೋಂದಣಿಗೆ ಹೋಗಿದ್ದೆ. 'ಕಟ್ಟಿದವರು' ಎಂಬಲ್ಲಿ ಎರಡು ಹೆಸರು ಬರೆದೆ, ನನ್ನದೂ ನಿನ್ನದೂ. ಕೌಂಟರಿನ ಹೆಂಗಸು, "ಒಂದಕ್ಕೇ ಜಾಗ ಇರೋದು, ಯಾವುದನ್ನ ತೆಗೀಲಿ?" ಅಂದಳು. ತುಂಬ ಹೊತ್ತು ಯೋಚಿಸಿದೆ, ಹಿಂದೆ ನಿಂತವರು ಗೊಣಗಿದರು. "ಎರಡನ್ನೂ ಸಣ್ಣದಾಗಿ ಬರ್ಕೊಳ್ಳಿ" ಅಂದೆ.