ಕುದ್ರುವಿನಲ್ಲಿ ಹರಕೆಯ ಹೋತ

ಫರಂಗಿಪೇಟೆ
೧೮-೧೧-೨೦೨೪

ಮಸ್ಕತ್ತಿನಲ್ಲಿರುವ ಇವರಿಗೆ,

ನಿಮ್ಮ ತೃಪ್ತಿಯ ನಮಸ್ಕಾರ. ಚೌತಿಗೇ ಬರೆಯಬೇಕಿತ್ತು, ದೀಪಾವಳಿಯೂ ಕಳೆಯಿತು. ಕ್ಷಮಿಸಿ. ನಿಮ್ಮ ನಂಬರು ಈಗ ಹತ್ತುವುದೇ ಇಲ್ಲ. ಅಲ್ಲಿಂದ ರಜೆಗೆ ಬಂದಿರುವ ಇಬ್ರಾಹಿಂ ಖಲೀಲ್ ತಿರುಗಿ ಹೋಗುವಾಗ ಕಾಗದವನ್ನು ನಿಮಗೆ ತಲುಪಿಸುತ್ತೇನೆಂದರು, ಅದಕ್ಕೇ ಬೀಡಿ ಕಟ್ಟುವ ಗೆರಸೆ ಬದಿಗಿಟ್ಟು ಕುಳಿತಿದ್ದೇನೆ.

ನೆರೆಗೆ ಹೆದರಿ ಬಿಟ್ಟು ಬಂದ, ಹೊಳೆಯ ನಡುವಿನ ನಮ್ಮ ಕುದ್ರು ನಿಮಗೀಗ ಗುರುತು ಸಿಗಲಿಕ್ಕಿಲ್ಲ. ಮನೆಯ ಗೋಡೆ ಕುಸಿದು, ಅಂಗಳದಲ್ಲಿ ಮುಳ್ಳು ಬೆಳೆದಿದೆ. ಅಲ್ಲೇ ಉಳಿದ ಆಡುಗಳು ಮಾತ್ರ ಮರಿ ಹಾಕಿ ಹಾಕಿ ದೊಡ್ಡ ಹಿಂಡಾಗಿವೆ. ಪೂರಾ ಕಾಡುಪ್ರಾಣಿಗಳು! ಮನುಷ್ಯರನ್ನು ಕಂಡರೆ ಓಟ. ಗಂಜಿಯ ತೆಳಿ ಕುಡಿಸಿ ಸಾಕಿದ ನಾನು ಕರೆದರೂ ತಿರುಗಿ ನೋಡುವುದಿಲ್ಲ. ಋಣ ಹರಿದ ಮೇಲೆ ಯಾರಿಗೆ ಯಾರು?

ಮೊನ್ನೆ ದೋಣಿಯ ಮಹಮ್ಮದ್ ಕುಂಞಿ ಬಂದು, "ಆಡುಗಳನ್ನು ಹಿಡಿದು ಮಾರುವ, ಅಕ್ಕ. ನಿಮಗೊಂದು ಆಸರೆ ಆಗ್ತದೆ" ಎಂದರು. ನಾನು ಹರಕೆಯ ವಿಷಯ ನೆನಪಿಸಿದೆ. ನೀವು ವಿಮಾನ ಹತ್ತಿದ ದಿನ, ನನ್ನ ಗಂಡ ಸುಖವಾಗಿದ್ದು ತಿರುಗಿ ಬಂದರೆ ಒಪ್ಪಿಸುತ್ತೇನೆಂದು ಒಂದು ಹೋತದ ಮರಿಯನ್ನು ದೈವಕ್ಕೆ ಹೇಳಿಕೊಂಡಿದ್ದೆನಲ್ಲ. ಹೇಳಿಕೊಂಡದ್ದನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ.

"ಯಾವುದು ತೋರಿಸಿ, ಅದೊಂದನ್ನು ಬಿಡುವ" ಎಂದರು.

"ಎಲ್ಲ ಒಂದೇ ಹಾಗೆ ಕಾಣ್ತದೆ. ನನಗೆ ಗುರ್ತ ಇಲ್ಲ" ಎಂದೆ.

"ಹಾಗಾದ್ರೆ ಬೇಡ ಮಾರಾಯ್ರೆ, ದೈವದ ಸೊತ್ತು ನಮಗೆ ಯಾಕೆ?" ಎಂದು ಹೊರಟೇಹೋದರು. ಈಗ ಊರಿನಲ್ಲಿ ಯಾರೂ ಒಂದು ಮರಿಯನ್ನೂ ಮುಟ್ಟುವುದಿಲ್ಲ. ನೀವು ಬಾರದೆ ಇಡೀ ಹಿಂಡು ಬದುಕಿಕೊಂಡಿತು, ನೋಡಿ. ನೆನೆದರೆ ನಗು ಬರುತ್ತದೆ.

ಸಂಜೆ ಹೊಳೆಬದಿಗೆ ಹೋಗಿ ಕೂರುತ್ತೇನೆ. ಅವುಗಳ ಕೂಗು ಇತ್ತ ಕಡೆಗೂ ಕೇಳುತ್ತದೆ. ಈ ಬಾಡಿಗೆ ಕೋಣೆಯಲ್ಲಿ ಮಾತಾಡಲು ಯಾರೂ ಇಲ್ಲ. ಬಹಳ ಬೇಸರವಾಗುತ್ತದೆ, ಸುಳ್ಳು ಯಾಕೆ ಹೇಳಲಿ?

ಹೊತ್ತಿಗೆ ಸರಿಯಾಗಿ ಉಣ್ಣಿ. ದೈವ ನಿಮ್ಮನ್ನು ಕಾಯಲಿ.

ನಿಮ್ಮ
ತೃಪ್ತಿ

ತಾ.ಕ.: ಹೋತದ ಗುರುತು ನನಗೆ ಚೆನ್ನಾಗಿಯೇ ಉಂಟು. ಎಡಗಿವಿ ಸೀಳಿದ್ದು, ಅದೇ. ತೋರಿಸಿದ್ದರೆ "ಹರಕೆ ಯಾವಾಗ, ಅವರು ಬರುವುದು ಯಾವಾಗ?" ಎಂದು ಎಲ್ಲರೂ ಕೇಳುತ್ತಿದ್ದರು, ನಾನೇನು ಹೇಳಲಿ? ಖಲೀಲ್ ನಿಮ್ಮನ್ನು ಮಸ್ಕತ್ತಿನ ಪೇಟೆಯಲ್ಲಿ ಕಂಡರಂತೆ. ಜೊತೆಗೆ ಒಬ್ಬಳು ಹೆಂಗಸು, ನಿಮ್ಮನ್ನು ಪಪ್ಪಾ ಎಂದು ಕರೆಯುವ ಮಗು. "ಅಕ್ಕನಿಗೆ ಗೊತ್ತುಂಟು ಅಂತ ಎಣಿಸಿದ್ದೆ" ಎಂದು ಪಾಪ, ಅವರೇ ತಲೆ ತಗ್ಗಿಸಿದರು. ನೀವು ಸುಖವಾಗಿದ್ದೀರಿ, ಹರಕೆಯಲ್ಲಿ ಅರ್ಧ ಸಂದ ಹಾಗಾಯಿತು. ಉಳಿದ ಅರ್ಧಕ್ಕೆ ನಾನು ಕಾಯಬೇಕೋ ಬೇಡವೋ ಎಂದು ದೈವವನ್ನು ಕೇಳುವ ಧೈರ್ಯ ನನಗಿಲ್ಲ. ನೀವೇ ಒಂದು ಸಾಲು ಬರೆಯಿರಿ.